ಸರ್ಕಾರಕ್ಕೆ ಬಡಿಸಿದ ಊಟ

ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತವರಿಗೆ ಗಿರಾಕಿಗಳ ಮುಖಕ್ಕಿಂತ ಮೊದಲು ಅವರ ತಟ್ಟೆ ಕಾಣುತ್ತದೆ. ಗಲ್ಲಾ ಎತ್ತರದಲ್ಲಿದೆ, ಮೇಜುಗಳು ತಗ್ಗಿನಲ್ಲಿವೆ. ಅಪ್ಪ ಚೆನ್ನೈನ ರಾಯಪುರಂನಲ್ಲಿ ಬಂದರಿನ ಹತ್ತಿರ ಹೋಟೆಲು ಇಟ್ಟಿದ್ದಾಗಲೂ ಹಾಗೇ ಇತ್ತು. ಬೆಸೆಂಟ್ ನಗರಕ್ಕೆ ಹೋಗುವ ದಾರಿಯ ಈ ಜಾಗಕ್ಕೆ ಬಂದ ಮೇಲೂ ನಾನು ಅದನ್ನು ಬದಲಾಯಿಸಲಿಲ್ಲ. ಯಾರು ಚಟ್ನಿ ಬಿಟ್ಟರು, ಯಾರು ಸಾಂಬಾರಿನ ಹೋಳನ್ನು ಬದಿಗೆ ತಳ್ಳಿದರು ಎಂಬುದೆಲ್ಲ ನನಗೆ ಕೂತಲ್ಲಿಂದಲೇ ಗೊತ್ತಾಗುತ್ತದೆ.

ಮೇಡಂ ನನ್ನ ಕಣ್ಣಿಗೆ ಬಿದ್ದದ್ದೂ ಹೀಗೆಯೇ. ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ದಿನಾ ಬೆಳಿಗ್ಗೆ ಬಂದು ಇಡ್ಲಿ ತಿನ್ನುತ್ತಿದ್ದರು. ಒಂದು ದಿನ ಸಾಂಬಾರಿನಲ್ಲಿದ್ದ ಹೋಳನ್ನು ಚಮಚದಲ್ಲಿ ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡತೊಡಗಿದರು. ಹುಳ ಏನಾದರೂ ಸಿಕ್ಕಿತೋ ಎಂದುಕೊಂಡು ಎದ್ದು ಹೋದೆ.

“ಅಕ್ಕಾವ್ರೇ, ಇದ್ಯಾವ ಬದ್ನೆಕಾಯಿ? ಬಾಯಲ್ಲಿಟ್ರೆ ಸಿಪ್ಪೇನೇ ಇಲ್ಲ!” ಎಂದರು. ಮೈಸೂರು ಕಡೆಯ ಮಾತು.

“ಅದು ಗುಳ್ಳ. ನಮ್ಮೂರಿನದ್ದು. ವಾರಕ್ಕೊಂದು ಪೆಟ್ಟಿಗೆ ಉಡುಪಿ ಬಸ್ಸಲ್ಲಿ ಬರ್ತದೆ.”

“ಬದ್ನೆಕಾಯಿ ಬಸ್ಸಲ್ಲಿ ಬರುತ್ತಾ? ಟಿಕೆಟ್ ತಗೊಂಡು?”

“ಬದನೆಕಾಯಿಗೆ ಟಿಕೆಟ್ ಇಲ್ಲ. ಡ್ರೈವರಿಗೆ ಕಾಫಿ ಉಂಟು.”

ಅವರು ನಕ್ಕರು. ಅಲ್ಲಿಂದ ನಮ್ಮ ಸ್ನೇಹ. ಸಸ್ಯಶಾಸ್ತ್ರ ಓದಿದವರಂತೆ, ಕೇಂದ್ರ ಸರ್ಕಾರದಲ್ಲಿ ಗಿಡಮರ, ಪ್ರಾಣಿಪಕ್ಷಿ, ಬೀಜ, ತಳಿ ಇವುಗಳ ಸಂರಕ್ಷಣೆ ನೋಡಿಕೊಳ್ಳುವ ಒಂದು ಕಚೇರಿಯಲ್ಲಿ ಕೆಲಸ. ಕಚೇರಿ ನಮ್ಮ ಹೋಟೆಲಿನಿಂದ ಆಟೋದಲ್ಲಿ ಹತ್ತು ನಿಮಿಷ. ಅವರ ಮಕ್ಕಳು ಶಾಲೆಯಲ್ಲಿ ತಮಿಳು, ಮನೆಯಲ್ಲಿ ಇಂಗ್ಲಿಷ್. ಕನ್ನಡದಲ್ಲಿ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಹಾಗಾಗಿ ಬಾಯಿ ತುಂಬ ಕನ್ನಡ ಆಡಬೇಕೆನಿಸಿದಾಗ ಅವರು ನನ್ನ ಗಲ್ಲಾದ ಪಕ್ಕ ಕಾಫಿ ಲೋಟ ಹಿಡಿದು ನಿಲ್ಲುವರು.

ಹಾಗೆ ನಿಂತಾಗಲೇ ಅವರು ತಾವು ಬರೆದ ಒಂದು ಸಾಲಿನ ಕತೆ ಹೇಳಿದ್ದು.

ದೇಶಕ್ಕೆಲ್ಲ ಒಂದು ಯೋಜನೆ ತಯಾರಾಗುತ್ತಿತ್ತು. ಇದುವರೆಗೆ ಕಾಡು ಉಳಿಸು, ತಳಿ ಉಳಿಸು ಅಂದರೆ ಎಲ್ಲರೂ ಅರಣ್ಯ ಇಲಾಖೆಯ ಕಡೆ ಬೆರಳು ತೋರಿಸುತ್ತಿದ್ದರು. ಇನ್ನು ಮೇಲೆ ಹಾಗಲ್ಲ, ರಸ್ತೆ ಮಾಡುವವರು, ಕೆರೆ ನೋಡುವವರು, ರೈಲಿನವರು, ಊಟ ಹಾಕುವವರು, ಒಬ್ಬೊಬ್ಬರೂ ತಮ್ಮ ತಮ್ಮ ಕೆಲಸದೊಳಗೇ ಇದಕ್ಕಾಗಿ ಏನು ಮಾಡುತ್ತೇವೆ ಎಂದು ಬರೆದು ಸಹಿ ಹಾಕಬೇಕು. ಮೇಡಂ ಪಾಲಿಗೆ ಬಂದದ್ದು ಊಟದ ಭಾಗ. ಅದರಲ್ಲಿ ಅವರು ಬರೆದದ್ದು ಒಂದೇ ಸಾಲು: ಸರ್ಕಾರ ನಡೆಸುವ ಎಲ್ಲ ಅಡುಗೆಮನೆಗಳು, ಅಂದರೆ ಕಚೇರಿಯ ಕ್ಯಾಂಟೀನು, ಹಾಸ್ಟೆಲು, ಆಸ್ಪತ್ರೆ, ವಾರಕ್ಕೆ ಒಂದು ದಿನವಾದರೂ ಆಯಾ ಊರಿನ ನಾಟಿ ತರಕಾರಿ, ಸೊಪ್ಪುಗಳನ್ನೇ ಕೊಂಡು ಅಡುಗೆ ಮಾಡಬೇಕು.

“ಅಷ್ಟೇನಾ?” ಎಂದೆ ನಾನು.

“ಅಷ್ಟೇ! ಅದನ್ನೂ ಎರಡು ಸಲ ಹೊಡೆದು ಹಾಕಿದ್ದಾರೆ ಕಣ್ರೀ. ದೆಹಲಿಯಲ್ಲಿ ಕ್ಯಾಂಟೀನುಗಳನ್ನ ನೋಡ್ಕೊಳ್ಳೋ ಒಬ್ಬ ದೊಡ್ಡ ಸಾರ್ ಇದ್ದಾರೆ. ‘ಇದು ಕಾಡಿನವರ ಕೆಲಸ, ನನ್ನ ಅಡುಗೆಮನೆಗೆ ಯಾಕೆ ತರ್ತೀರಿ? ಆ ತರಕಾರಿಗಳು ಪೇಟೆಯಲ್ಲೇ ಸಿಗೋದಿಲ್ಲ, ಸಿಗದೇ ಇರೋದನ್ನ ಕೊಳ್ಳಿ ಅಂತ ಹೇಗೆ ಬರೆಯೋದು?’ ಅಂತಾರೆ. ಕೊಳ್ಳೋರಿಲ್ಲದೆ ಬೆಳೆಯೋರು ಬಿಟ್ರು, ಬೆಳೆಯೋರಿಲ್ಲ ಅಂತ ಕೊಳ್ಳೋರು ಬಿಟ್ರು. ಬೀಜವನ್ನ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದ್ರೆ ತಳಿ ಉಳಿಯುತ್ತಾ? ಯಾರಾದ್ರೂ ತಿನ್ಬೇಕಲ್ವಾ?”

ಮುಂದಿನ ಗುರುವಾರ ಆ ಎಲ್ಲ ಇಲಾಖೆಯವರೂ ಚೆನ್ನೈಗೆ ಬರುವವರಿದ್ದರು. ಬೆಳಿಗ್ಗೆಯೂ ಮಧ್ಯಾಹ್ನವೂ ಸಭೆ. ಸಂಜೆಯೊಳಗೆ ಕರಡು ಮುಗಿಯಬೇಕು. ಆ ದಿನ ಸಾಲು ಉಳಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ. ಮೇಡಂಗೆ ಒಂದು ಉಪಾಯ ಹೊಳೆದಿತ್ತು. ಅಂದಿನ ಊಟವನ್ನು ನಮ್ಮಲ್ಲಿ ಹಾಕಿಸುವುದು. ಕ್ಯಾಂಟೀನುಗಳ ತರಕಾರಿ ಪಟ್ಟಿ ಎಲ್ಲ ಊರಿನಲ್ಲೂ ಒಂದೇ: ಆಲೂಗಡ್ಡೆ, ಕ್ಯಾರೆಟ್, ಬೀನ್ಸ್, ಎಲೆಕೋಸು, ಹೂಕೋಸು, ಟೊಮೆಟೊ. ಆ ಪಟ್ಟಿಯ ಒಂದೇ ಒಂದು ಹೋಳೂ ಬೀಳದಂತೆ ಹೊಟ್ಟೆ ತುಂಬ ಊಟ ಹಾಕಲು ನಮ್ಮಿಂದ ಆಗುತ್ತದೆಯೇ?

“ಆಗದೆ ಎಂತ! ಎಷ್ಟು ಜನ?” ಎಂದುಬಿಟ್ಟೆ. ಹೋಟೆಲಿನವರ ಬಾಯಿ ಹಾಗೆಯೇ. ಮೊದಲು ಆಗುತ್ತದೆ ಅನ್ನುವುದು, ಆಮೇಲೆ ಅಡುಗೆಮನೆಗೆ ಹೋಗಿ ಬೈಸಿಕೊಳ್ಳುವುದು.

ಇಪ್ಪತ್ತನಾಲ್ಕು ಜನ. ಅಡುಗೆಮನೆಯಲ್ಲಿ ಹೇಳಿದೆ. ಈಗಿನ ನಮ್ಮ ಅಡುಗೆಯವನು ಕುಂದಾಪುರದ ಕಡೆಯವನು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. “ಟೊಮೆಟೊ ಇಲ್ಲದೆ ಸಾರು ಎಂತದ್ರಲ್ಲಿ ಮಾಡುದು ಅಕ್ಕ, ಕಣ್ಣೀರಲ್ಲಾ?” ಎಂದ. ಆಲೂಗಡ್ಡೆ ಇಲ್ಲದ ಸಾಗು, ಬೀನ್ಸ್ ಇಲ್ಲದ ಪಲ್ಯ ಅವನ ಲೆಕ್ಕದಲ್ಲಿ ಇರಲೇ ಇಲ್ಲ. ತಪ್ಪು ಅವನದ್ದಲ್ಲ. ನಾವೇ ಇಪ್ಪತ್ತು ವರ್ಷದಿಂದ ಅವನ ಕೈಗೆ ಅದನ್ನೇ ಕೊಟ್ಟಿದ್ದೆವು.

ಆ ರಾತ್ರಿ ಊಟಕ್ಕೆ ಕೂತಾಗ ನನಗೆ ನೆನಪಾಯಿತು. ಹೊಸ ತರಕಾರಿ ಒಂದೂ ಬೀಳದ ಅಡುಗೆ ನಮ್ಮಲ್ಲೇ ಉಂಟಲ್ಲ! ಸತ್ತವರ ತಿಥಿಯ ದಿನ ಮಾಡುವುದು. ಆ ಅಡುಗೆಗೆ ಕ್ಯಾರೆಟ್ ಇಲ್ಲ, ಕೋಸಿಲ್ಲ, ಟೊಮೆಟೊ ಇಲ್ಲ, ಹಸಿಮೆಣಸು ಕೂಡ ಇಲ್ಲ, ಖಾರಕ್ಕೆ ಕಾಳುಮೆಣಸು. ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿ, ಪಡುವಲ, ಕೆಸುವಿನ ಗಡ್ಡೆ, ಸುವರ್ಣಗಡ್ಡೆ. ಅಜ್ಜಿಯ ಅಜ್ಜಿ ತಿಂದದ್ದೇ ಇವತ್ತೂ ಎಲೆಗೆ ಬೀಳಬೇಕು. ತಿಂದು ಹೋದವರಿಗೆ ಗುರುತು ಸಿಗಬೇಕಲ್ಲ ಎಂದು ಅಜ್ಜಿ ಹೇಳುತ್ತಿದ್ದರು.

ತಿಥಿ ಅಡುಗೆ ಅಂದರೆ ಭಟ್ರು. ಅಪ್ಪನ ಕಾಲದಲ್ಲಿ ನಮ್ಮ ಹೋಟೆಲಿನ ಮುಖ್ಯ ಅಡುಗೆಯವರು. ಹೋಟೆಲು ಬಿಟ್ಟ ಮೇಲೆ ತಿರುವಲ್ಲಿಕೇಣಿಯ ಒಂದು ಮಹಡಿ ಕೋಣೆಯಲ್ಲಿದ್ದು, ಮನೆ ಮನೆಗೆ ಹೋಗಿ ತಿಥಿ ಅಡುಗೆ ಮಾಡಿಕೊಡುತ್ತಾರೆ. ನಮ್ಮವರಿಗೆ ನಮ್ಮ ಕ್ರಮ, ತಮಿಳರಿಗೆ ಅವರ ಕ್ರಮ, ಎರಡೂ ಕೈಗೆ ಹತ್ತಿದೆ. ಎಂಬತ್ತಕ್ಕೆ ಹತ್ತಿರ. ಅರುವತ್ತಾಗುತ್ತಿರುವ ನನ್ನನ್ನು ಈಗಲೂ ‘ಮಗಾ’ ಅನ್ನುತ್ತಾರೆ.

ಮರುದಿನ ಮೆಟ್ಟಿಲು ಹತ್ತಿ ಹೋಗಿ ಹೇಳಿದೆ: “ಭಟ್ರೇ, ಬರುವ ಗುರುವಾರ ಇಪ್ಪತ್ತನಾಲ್ಕು ಎಲೆ. ತಿಥಿಗೆ ಹಾಕುವ ತರಕಾರಿ ಮಾತ್ರ. ಬೇರೆ ಒಂದೂ ಬೇಡ.”

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. “ಇಪ್ಪತ್ತನಾಲ್ಕಾ? ಎಲ್ಲಿ ಮಾಡುದು?”

“ಹೋಟೆಲಲ್ಲೇ. ಮೇಲಿನ ಹಾಲಲ್ಲಿ.”

“ಆಯ್ತು ಮಗಾ. ನೀನು ಎಂತದ್ದೂ ಯೋಚನೆ ಮಾಡ್ಬೇಡ. ನಾನುಂಟು,” ಎಂದರು. ದನಿ ಎಷ್ಟು ಮೆತ್ತಗಿತ್ತೆಂದರೆ, ವಯಸ್ಸಾಯಿತು ಪಾಪ ಎಂದುಕೊಂಡು ಇಳಿದು ಬಂದೆ. ಯಾರಿಗೆ, ಯಾಕೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ಬರೆದು ಕೊಟ್ಟದ್ದು ಒಂದೇ: ಮಂಗರವಳ್ಳಿ ಸಿಕ್ಕರೆ ತಾ. ಅದು ನಮ್ಮ ಪಟ್ಟಿಯದ್ದಲ್ಲ, ತಮಿಳು ಬ್ರಾಹ್ಮಣರ ತಿಥಿಯದ್ದು. ಅವರು ಪಿರಂಡೈ ಅನ್ನುತ್ತಾರೆ. ನಾಲ್ಕು ಮೂಲೆಯ ಹಸಿರು ಬಳ್ಳಿ, ಬರಿಗೈಯಲ್ಲಿ ಬಿಡಿಸಿದರೆ ತುರಿಕೆ, ಹುರಿದು ಚಟ್ನಿ ಮಾಡಿದರೆ ಬಲು ರುಚಿ.

ಬುಧವಾರ ಬೆಳಿಗ್ಗೆ ಆಟೋ ಹಿಡಿದು ರಾಯಪುರಂಗೆ ಹೋದೆ. ಹತ್ತಿರದ ಅಂಗಡಿಗಳಲ್ಲಿ ಬಾಳೆಕಾಯಿ, ಹಾಗಲ ಸಿಗುತ್ತದೆ. ಬಳ್ಳಿ, ಸೊಪ್ಪು ಬೇಕಾದರೆ ನನಗೆ ಗೊತ್ತಿದ್ದದ್ದು ಅಪ್ಪನಿಗೆ ಸೊಪ್ಪು ಕೊಡುತ್ತಿದ್ದ ಹೆಂಗಸಿನ ಮಗಳು. ಮಣಲಿಯ ಕಾರ್ಖಾನೆಗಳನ್ನೆಲ್ಲ ದಾಟಿ ಆಚೆ ಎಲ್ಲೋ ಅವಳ ಊರು. ಕೆರೆ ಏರಿಯ ಮೇಲೆ, ಬೇಲಿಯಲ್ಲಿ ಬೆಳೆದದ್ದನ್ನು ಕೊಯ್ದು, ಮೀನಿನ ಪೇಟೆಯಿಂದ ಸ್ವಲ್ಪ ದೂರದಲ್ಲಿ ಗೋಣಿ ಹಾಸಿ ಕೂರುತ್ತಾಳೆ. ಹೊನಗೊನೆ, ಒಂದೆಲಗ, ಗೋಣಿಸೊಪ್ಪು, ಹೆಸರೇ ಗೊತ್ತಿಲ್ಲದ ಇನ್ನೂ ನಾಲ್ಕು.

“ಪಿರಂಡೈ ಇಷ್ಟೊಂದಾ? ಯಾರು ಹೋದರು?” ಎಂದು ತಮಿಳಿನಲ್ಲಿ ಕೇಳಿದಳು. ಯಾರೂ ಇಲ್ಲ, ಊಟಕ್ಕೆ ಎಂದೆ. ಅವಳಿಗೆ ನಗು. “ನಿಮ್ಮ ಜನವೇ ವಿಚಿತ್ರ ಅಕ್ಕ. ನಾವು ಇದನ್ನು ಬದುಕಿರುವವರಿಗೆ ಹಾಕುತ್ತೇವೆ. ಮಂಡಿನೋವು ಅಂದರೆ ಇದೇ, ಬಾಯಿ ಕೆಟ್ಟರೆ ಇದೇ. ನೀವು ಸಾಯುವವರೆಗೆ ಕಾಯುತ್ತೀರಿ!”

ಕಟ್ಟು ಕಟ್ಟುತ್ತಾ ಇನ್ನೊಂದು ಮಾತನ್ನೂ ಹೇಳಿದಳು. ಅವಳ ಊರಿನ ಕೆರೆ ಏರಿಯನ್ನು ಚಂದ ಮಾಡುತ್ತಾರಂತೆ. ಅರ್ಧ ಏರಿಗೆ ಆಗಲೇ ಕಲ್ಲು ಹಾಸಿ, ವಾಕಿಂಗ್ ಹೋಗುವವರಿಗೆ ದಾರಿ ಮಾಡಿದ್ದಾರೆ. “ಚಂದವೇ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಕಲ್ಲನ್ನು ಬೇಯಿಸಿ ತಿನ್ನಲಿಕ್ಕಾಗುತ್ತದಾ? ಇಲ್ಲಿ ಸೊಪ್ಪು ಬರುತ್ತದೆ, ಒಂದು ಬದಿ ಬಿಡಿ ಅಂದರೆ, ಸೊಪ್ಪು ನಮ್ಮ ಇಲಾಖೆಯಲ್ಲ ಅಂದರು.” ಮೇಡಂ ತಿಂಗಳುಗಟ್ಟಲೆ ಹೇಳಿದ್ದು ನನಗೆ ಆ ಗೋಣಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಾಗ ಪೂರ್ತಿ ತಲೆಗೆ ಹೋಯಿತು.

ಗುರುವಾರ ಭಟ್ರು ಬೆಳಕು ಹರಿಯುವ ಮೊದಲೇ ಇಬ್ಬರು ಸಹಾಯಕರನ್ನು ಕರೆದುಕೊಂಡು ಬಂದಿದ್ದರು. ನಾನು ಬಂದಾಗ ಹೋಟೆಲಿನ ಹಿಂದಿನ ಸಣ್ಣ ಅಡುಗೆಮನೆಯ ಬಾಗಿಲು ಹಾಕಿತ್ತು. “ಮಡಿ, ಮಡಿ! ಆಚೆ ನಿಲ್ಲು ಮಗಾ,” ಎಂದು ಒಳಗಿನಿಂದ ಕೂಗಿದರು. ಅವರು ಯಾವಾಗಲೂ ಮಡಿಯವರೇ, ನನಗೆ ಏನೂ ಅನ್ನಿಸಲಿಲ್ಲ. ಕಾಳುಮೆಣಸು ಹುರಿಯುವ ವಾಸನೆಗೆ ಮುಂದಿನ ಹಾಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರೆಲ್ಲ ಇವತ್ತು ಸ್ಪೆಷಲ್ ಏನು ಎಂದು ಕೇಳುತ್ತಿದ್ದರು.

ಹನ್ನೊಂದೂವರೆಗೆ ಹೊರಗೆ ಬಂದು ನೋಡುತ್ತೇನೆ, ಮೆಟ್ಟಿಲ ಮುಂದಿನ ರಂಗೋಲಿ ಇಲ್ಲ. ನಮ್ಮ ಗುಡಿಸುವವಳು ದಿನಾ ಹಾಕುವ ರಂಗೋಲಿ. ಇವತ್ತು ದೊಡ್ಡವರು ಬರುತ್ತಾರೆ, ದೊಡ್ಡದಾಗಿ ಹಾಕು ಎಂದು ನಾನೇ ಹೇಳಿದ್ದೆ.

“ಹಾಕಿದೆ ಅಮ್ಮ. ಆ ತಾತ ಬಂದು ನೀರು ಹಾಕಿ ಅಳಿಸಿದರು,” ಎಂದಳು ಮುಖ ಊದಿಸಿಕೊಂಡು.

ತಿಥಿಯ ದಿನ ಬಾಗಿಲಲ್ಲಿ ರಂಗೋಲಿ ಇರಬಾರದು. ಆಗ ನನಗೆ ಹೊಳೆಯಿತು. ಭಟ್ರು ಬರೀ ತರಕಾರಿಯನ್ನಲ್ಲ, ಇಡೀ ತಿಥಿಯನ್ನೇ ಮಾಡುತ್ತಿದ್ದರು! ಅಡುಗೆಮನೆಗೆ ಓಡುವಷ್ಟರಲ್ಲಿ ಆರು ಕಾರು ಬಂದು ನಿಂತವು. ಮೇಡಂ ಮೊದಲು ಇಳಿದರು. ಮುಖ ಬಾಡಿತ್ತು. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಆ ಸಾರ್ ಬೆಳಿಗ್ಗೆಯೂ ಒಪ್ಪಲಿಲ್ಲ ಅಕ್ಕಾವ್ರೇ. ‘ಪೂರೈಕೆ ಇಲ್ಲ’ ಅಂತ ಒಂದೇ ಹಟ. ಮಧ್ಯಾಹ್ನ ಹೊಡೆದು ಹಾಕ್ತಾರೆ. ಇನ್ನು ನಿಮ್ಮ ಊಟವೇ ಗತಿ.”

ಬನ್ನಿ ಬನ್ನಿ ಎಂದು ಕೈ ಮುಗಿದೆ.

ಮೇಲಿನ ಹಾಲಿನಲ್ಲಿ ಎಲೆ ಹಾಕಿತ್ತು. ಭಟ್ರು ಒದ್ದೆ ಪಂಚೆ ಉಟ್ಟು, ಹಣೆಗೆ ನಾಮ ಎಳೆದು, ಮುಖ ಗಂಭೀರ ಮಾಡಿ, ಒಂದು ಮಾತಿಲ್ಲದೆ ಬಡಿಸುತ್ತಿದ್ದರು. ಬಾಳೆಕಾಯಿ ಪಲ್ಯ, ಗೋರಿಕಾಯಿ, ಹಾಗಲದ ಗೊಜ್ಜು, ಪಡುವಲದ ಕೂಟು, ಕೆಸುವಿನ ಗಡ್ಡೆ, ಮಂಗರವಳ್ಳಿ ಚಟ್ನಿ. ಇಲ್ಲಿಯವರೆಗೆ ಸರಿ. ಅದರ ಪಕ್ಕದಲ್ಲಿ ಉದ್ದಿನ ವಡೆ, ಹೆಸರುಬೇಳೆ ಪಾಯಸ, ಮತ್ತು, ದೇವರೇ, ಕರಿ ಎಳ್ಳಿನ ಉಂಡೆ. ಎಲೆ ನೋಡಿದ ಯಾವ ದಕ್ಷಿಣದವನಿಗೂ ಅನುಮಾನ ಉಳಿಯುವ ಹಾಗಿರಲಿಲ್ಲ.

ಉತ್ತರದ ಕಡೆಯವರಿಗೆ ಏನೂ ಗೊತ್ತಾಗಲಿಲ್ಲ. ಒಬ್ಬ ಹಿಂದಿಯ ಹೆಂಗಸು ಎಳ್ಳುಂಡೆ ಕಚ್ಚಿ “ವಾಹ್!” ಎಂದರು. ಭಟ್ರು ಹುಬ್ಬು ಗಂಟಿಕ್ಕಿ ನನ್ನ ಕಡೆ ನೋಡಿದರು. ಪಿತೃಗಳ ಊಟದಲ್ಲಿ ರುಚಿ ಹೊಗಳಬಾರದು.

ದೆಹಲಿಯ ಆ ದೊಡ್ಡ ಸಾರ್ ಕೊನೆಯ ಎಲೆಯ ಮುಂದೆ ಕೂತಿದ್ದರು. ದೆಹಲಿಯವರು ಎಂದು ಮೇಡಂ ಹೇಳಿದ್ದರಿಂದ ನಾನು ಪಂಜಾಬಿಯೋ ಏನೋ ಅಂದುಕೊಂಡಿದ್ದೆ. ಅವರು ಎಲೆಯನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದರು. ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. ಆಮೇಲೆ ತಲೆಯೆತ್ತಿ, ಅಚ್ಚ ಕುಂಭಕೋಣದ ತಮಿಳಿನಲ್ಲಿ ನನ್ನನ್ನು ಕೇಳಿದರು: “ಎನ್ನಮ್ಮಾ, ಇನ್ನಿಕ್ಕಿ ಯಾರುಕ್ಕು ದಿವಸಂ?”

ಇವತ್ತು ಯಾರ ತಿಥಿ ಎಂದು.

ಮೇಡಂಗೆ ಅಷ್ಟು ತಮಿಳು ಬರುತ್ತದೆ. ಅವರು ಕಣ್ಣು ಮುಚ್ಚಿಕೊಂಡರು. ಹಾಲಿನಲ್ಲಿದ್ದ ಇನ್ನಿಬ್ಬರು ತಮಿಳು ಅಧಿಕಾರಿಗಳ ಕೈ ಎಲೆಯ ಮೇಲೆಯೇ ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ಭಟ್ರು ಗಂಭೀರವಾಗಿ ತಮಿಳಿನಲ್ಲಿ ಉತ್ತರ ಕೊಟ್ಟರು: “ಅದನ್ನು ನಾನು ಕೇಳುವುದಿಲ್ಲ ಸ್ವಾಮಿ. ಮನೆಯವರ ದುಃಖ ಮನೆಯವರಿಗೆ. ಮಾಡಿ ಬಡಿಸುವುದು ನನ್ನ ಕೆಲಸ.”

ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. “ಯಾರದ್ದೂ ಅಲ್ಲ ಸಾರ್,” ಎಂದೆ. “ತಪ್ಪು ನನ್ನದು. ನಾಟಿ ತರಕಾರಿ ಮಾತ್ರ ಹಾಕುವ ಅಡುಗೆ ಬೇಕಿತ್ತು. ತಿಥಿ ತರಕಾರಿ ಅಂತ ಹೇಳಿದೆ. ಭಟ್ರಿಗೆ ಕಾರಣ ಹೇಳಲಿಲ್ಲ.”

“ಯಾರದ್ದೂ ಅಲ್ವಾ?” ಭಟ್ರು ಸೌಟು ಹಿಡಿದೇ ನನ್ನ ಕಡೆ ತಿರುಗಿದರು. ಈಗ ಕನ್ನಡ. “ಮತ್ತೆ ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿಯದೆ ನಾನು ಒದ್ದೆ ಪಂಚೆಯಲ್ಲಿ ನಿಂತದ್ದು ಯಾರಿಗೆ? ನಿನ್ನ ಅತ್ತೆಯದ್ದು ಅಂತ ತಿಳ್ಕೊಂಡೆ ನಾನು!”

“ಅಯ್ಯೋ ಭಟ್ರೇ! ಅತ್ತೆ ಇದ್ದಾರೆ! ಮಣಿಪಾಲದಲ್ಲಿ ಗಟ್ಟಿಯಾಗಿದ್ದಾರೆ!”

ಆ ಹಾಲಿನಲ್ಲಿ ಕನ್ನಡ ಅರ್ಥವಾಗುತ್ತಿದ್ದದ್ದು ಮೇಡಂಗೆ ಒಬ್ಬರಿಗೇ. ಅವರು ನಗು ತಡೆಯಲಾಗದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅದನ್ನು ನೋಡಿ ಹಿಂದಿಯವರು ಏನಾಯಿತು ಎಂದು ಕೇಳಿದರು. ತಮಿಳು ಅಧಿಕಾರಿಯೊಬ್ಬರು ಇಂಗ್ಲಿಷಿನಲ್ಲಿ ವಿವರಿಸಿದರು. ಎಳ್ಳುಂಡೆಯ ಹೆಂಗಸು ಉಂಡೆಯನ್ನು ಒಮ್ಮೆ ನೋಡಿ, ಪರವಾಗಿಲ್ಲ ಎಂದು ಉಳಿದ ಅರ್ಧವನ್ನೂ ಬಾಯಿಗೆ ಹಾಕಿಕೊಂಡರು. ಆದರೆ ದೊಡ್ಡ ಸಾರ್ ಮಾತ್ರ ನಗಲಿಲ್ಲ. ಬೆರಳಿನಿಂದ ಚಟ್ನಿಯನ್ನು ತೋರಿಸಿ ಭಟ್ರನ್ನೇ ಕೇಳಿದರು: “ಪಿರಂಡೈ ಎಲ್ಲಿ ಸಿಕ್ಕಿತು?”

ಇದು ತನಿಖೆಯ ದನಿ ಎಂದು ನನಗನ್ನಿಸಿತು. ಭಟ್ರಿಗೆ ಮೊದಲೇ ಸಿಟ್ಟು ಬಂದಿತ್ತು. ಎದುರಿಗಿರುವವರು ಯಾರೆಂದು ಗೊತ್ತೂ ಇರಲಿಲ್ಲ.

“ಸಿಗದೆ ಎಲ್ಲಿ ಹೋಗುತ್ತದೆ ಸ್ವಾಮಿ? ಈ ಊರಲ್ಲಿ ದಿನ ಬೆಳಗಾದರೆ ಎಷ್ಟು ಮನೆಯಲ್ಲಿ ದಿವಸಂ? ಪಿರಂಡೈ ಸಿಗಲಿಲ್ಲ, ಗೋರಿಕಾಯಿ ಸಿಗಲಿಲ್ಲ ಅಂತ ಯಾರಾದರೂ ಅಪ್ಪನ ದಿವಸಂ ನಿಲ್ಲಿಸಿದ್ದು ಉಂಟಾ? ನಾನು ಕೇಳುತ್ತೇನೆ, ಅದಕ್ಕೆ ಸೊಪ್ಪಿನವಳು ತರುತ್ತಾಳೆ. ನಾವು ನಾಲ್ಕು ಅಡುಗೆಯವರು ಕೇಳುವುದು ಬಿಟ್ಟರೆ ನಾಳೆಯಿಂದ ಅವಳೂ ಬಿಡುತ್ತಾಳೆ. ಆಮೇಲೆ ಬೇಕು ಅಂದರೆ ಬೇಲಿ ಎಲ್ಲಿದೆ, ಬಳ್ಳಿ ಎಲ್ಲಿದೆ?”

ಮೇಡಂ ತಿಂಗಳುಗಟ್ಟಲೆ ಕಾಗದದ ಮೇಲೆ ಬರೆದು ಕಳಿಸಿದ್ದನ್ನು ಭಟ್ರು ಸೌಟು ಹಿಡಿದು ಹೇಳಿಬಿಟ್ಟಿದ್ದರು. ಮೇಡಂ ಒಂದು ಮಾತೂ ಸೇರಿಸಲಿಲ್ಲ. ಜಾಣೆ.

ದೊಡ್ಡ ಸಾರ್ ಚಟ್ನಿಯನ್ನು ಅನ್ನಕ್ಕೆ ಕಲಸಿ ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಆಮೇಲೆ ಯಾರಿಗೆ ಅಂತಲ್ಲದೆ ಹೇಳತೊಡಗಿದರು. ಅಮ್ಮ ಹೋದ ಮೇಲೆ ಪ್ರತಿವರ್ಷ ಅವರ ತಿಥಿಗೆ ಇಲ್ಲಿರುವ ಅಕ್ಕ ತನ್ನ ಮಹಡಿಯ ಕುಂಡದಿಂದ ನಾಲ್ಕು ತುಂಡು ಪಿರಂಡೈ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ದೆಹಲಿಗೆ ಹೊರಟ ಯಾರ ಕೈಯಲ್ಲಾದರೂ ಕಳಿಸುತ್ತಾಳಂತೆ. ಅಮ್ಮ ಇದ್ದಾಗ ಮನೆಯಲ್ಲಿ ವಾರವಾರ ಈ ಚಟ್ನಿ ಇರುತ್ತಿತ್ತು. “ಈಗ ವರ್ಷಕ್ಕೆ ಒಂದೇ ದಿನ. ಉಳಿದ ದಿನ ಬೇಕು ಅಂತ ನನಗೆ ಅನ್ನಿಸಿಯೇ ಇಲ್ಲ,” ಎಂದರು. ಆಮೇಲೆ, “ಈ ಸಲ ಅಮ್ಮನ ದಿವಸಕ್ಕೂ ಇಷ್ಟು ಚೆನ್ನಾಗಿ ಆಗಿರಲಿಲ್ಲ,” ಎಂದರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು ಭಟ್ರ ಕಡೆ ನೋಡಿದರು.

“ಇದು ದಿವಸಂ ಅಲ್ಲ ಅಂತ ಆಯಿತಲ್ಲ ಸ್ವಾಮಿ. ಧಾರಾಳ ಹೊಗಳಿ,” ಎಂದರು ಭಟ್ರು.

ಆಗ ಎಲ್ಲರೂ ನಕ್ಕರು. ಊಟ ಮತ್ತೆ ಶುರುವಾಯಿತು. ಪಡುವಲದ ಕೂಟು ಖಾಲಿಯಾಯಿತು. ಒಬ್ಬ ಅಧಿಕಾರಿ ಹಾಗಲದ ಗೊಜ್ಜನ್ನು ಎಲೆಯ ತುದಿಗೆ ತಳ್ಳಿಟ್ಟದ್ದೂ ನನಗೆ ಕಾಣಿಸಿತು. ಎಲ್ಲರನ್ನೂ ಒಲಿಸಲು ಆಗುವುದಿಲ್ಲ.

ಅವರೆಲ್ಲ ಹೋದ ಮೇಲೆ ಭಟ್ರ ಕಾಲು ಹಿಡಿಯಲು ಹೋದೆ. “ಬಿಡು ಮಾರಾಯ್ತಿ,” ಎಂದರು. “ಬದುಕಿರುವ ಇಪ್ಪತ್ತನಾಲ್ಕು ಜನ ನನ್ನ ತಿಥಿ ಅಡುಗೆ ಉಂಡು ಚಂದ ಉಂಟು ಅಂದದ್ದು ಇದೇ ಮೊದಲು. ಇಷ್ಟು ವರ್ಷ ಉಂಡವರು ಒಬ್ಬರೂ ತಿರುಗಿ ಬಂದು ಹೇಳಿದ್ದಿಲ್ಲ.” ಅತ್ತೆಗೆ ಮಾತ್ರ ಹೇಳಬೇಡ ಎಂದು ಎರಡು ಸಲ ಹೇಳಿ, ಮೂರು ಲೋಟ ಮಜ್ಜಿಗೆ ಕುಡಿದರು.

ಮೇಡಂ ಸಂಜೆ ಐದೂವರೆಗೆ ಬಂದರು. ನಾನು ಗಲ್ಲಾದಿಂದ ಇಳಿದು ಬಾಗಿಲಿಗೇ ಹೋಗಿದ್ದೆ. ಅವರ ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ.

“ಉಳೀತು ಅಕ್ಕಾವ್ರೇ.”

“ಪೂರ್ತಿ?”

“ಪೂರ್ತಿ. ‘ವಾರಕ್ಕೆ ಒಂದು ದಿನ’ ಇದೆ, ‘ಆಯಾ ಊರಿನ’ ಇದೆ. ಹೊಡೆದು ಹಾಕೋಕೆ ಇನ್ನೊಬ್ಬರು ಹೊರಟಾಗ ಆ ಸಾರೇ ತಡೆದ್ರು. ಪೂರೈಕೆ ಇಲ್ಲ ಅಂತ ಎರಡು ಸಲ ಹೇಳಿದವನು ನಾನೇ, ಮಧ್ಯಾಹ್ನ ಪೂರೈಕೆ ಉಂಡು ಬಂದೆ ಅಂದ್ರು. ಆದ್ರೆ ಮುಂದುಗಡೆ ‘ಸಾಧ್ಯವಾದ ಮಟ್ಟಿಗೆ’ ಅಂತ ಸೇರಿಸಿದ್ರು.”

ನನಗೆ ಅದು ಹಿಡಿಸಲಿಲ್ಲ. “ಸಾಧ್ಯವಾದ ಮಟ್ಟಿಗೆ ಅಂದ್ರೆ ಆಗುದಿ‌ಲ್ಲ ಅಂತಲ್ವಾ?”

“ಇಲ್ಲ ಕಣ್ರೀ. ಸರ್ಕಾರದ ಕಾಗದದಲ್ಲಿ ಒಂದು ಸಾಲು ಬದುಕ್ಬೇಕು ಅಂದ್ರೆ ಅದರ ಕೈಗೆ ಒಂದು ಛತ್ರಿ ಕೊಡ್ಬೇಕು. ಸದ್ಯ ಹೊರಗೆ ಬಂತಲ್ಲ, ನಡೆಯೋದು ಕಲಿಯುತ್ತೆ.” ಅವತ್ತು ಅವರು ಎರಡು ಕಾಫಿ ಕುಡಿದರು. ಎರಡನೆಯದನ್ನು ನಿಂತುಕೊಂಡಲ್ಲ, ಮೇಜಿಗೆ ಕೂತು, ನಿಧಾನವಾಗಿ.

ಬರೆದವರೇ ಮೊದಲು ಮಾಡಿ ತೋರಿಸಬೇಕು ಎಂದು ಅವರ ಕಚೇರಿಯ ಕ್ಯಾಂಟೀನಿನಲ್ಲೇ ಅದನ್ನು ಶುರು ಮಾಡಿಸಿದರು. ವಾರದ ಆ ದಿನ ಬುಧವಾರ ಎಂದು ನಿಗದಿಯಾಯಿತು. ಕ್ಯಾಂಟೀನಿನವನಿಗೆ ಸೊಪ್ಪಿನವಳ ಗುರುತು ಹೇಳಿದ್ದು ನಾನೇ. ಅವಳು ಈಗ ಬುಧವಾರ ರಾಯಪುರಂನಲ್ಲಿ ಕೂರುವುದಿಲ್ಲ; ನಾಲ್ಕು ಕಟ್ಟು ಹೊತ್ತು ಸೀದಾ ಈ ಕಡೆ ಬರುತ್ತಾಳೆ, ಜೊತೆಗೆ ಅವಳ ನಾದಿನಿಯೂ.

ಒಂದು ತಿಂಗಳಾಗುವಷ್ಟರಲ್ಲಿ ನನಗೊಂದು ವಿಷಯ ಕಾಣಿಸತೊಡಗಿತು. ಬುಧವಾರ ಮಧ್ಯಾಹ್ನ ನಮ್ಮಲ್ಲಿ ಗುಂಪು ಜಾಸ್ತಿ. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡವರು ಎಂಟು ಹತ್ತು ಜನ ಒಟ್ಟಿಗೆ ಬಂದು ಆಲೂಗಡ್ಡೆ ಸಾಗು, ಬೀನ್ಸ್ ಪಲ್ಯ ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದರು. ಒಬ್ಬ ಹುಡುಗನನ್ನು ಕೇಳಿದೆ. “ಕ್ಯಾಂಟೀನಲ್ಲಿ ಇವತ್ತು ಪಡುವಲ, ಆಂಟಿ,” ಎಂದ, ಜ್ವರ ಬಂದವನ ಹಾಗೆ. ಮೇಡಂ ಕಚೇರಿಯವರೇ! ಜೀವವೈವಿಧ್ಯ ಉಳಿಸುವ ಸಂಬಳ ತೆಗೆದುಕೊಂಡು, ಅದನ್ನು ತಿನ್ನುವುದು ತಪ್ಪಿಸಿಕೊಳ್ಳಲು ನನ್ನ ಹೋಟೆಲಿಗೆ ಓಡಿ ಬರುತ್ತಿದ್ದಾರೆ!

ವ್ಯಾಪಾರದ ದೃಷ್ಟಿಯಿಂದ ಸುಮ್ಮನಿರಬಹುದಿತ್ತು. ಆದರೆ ಆ ಸಾಲಿಗೆ ನಾನೂ ಎಲೆ ಹಾಕಿದವಳು. ಮುಂದಿನ ಮಂಗಳವಾರ ಅಡುಗೆಯವನನ್ನು ಕರೆದು ಹೇಳಿದೆ. ಅವನು ಈಗ ಭಟ್ರ ಹತ್ತಿರ ಎರಡು ವಾರ ಹೋಗಿ ಕಲಿತು ಬಂದಿದ್ದ, ಕಣ್ಣೀರಿಲ್ಲದೆ ಸಾರು ಮಾಡುತ್ತಿದ್ದ. ಬುಧವಾರ ಬೆಳಿಗ್ಗೆ ಬೋರ್ಡಿನ ಮೇಲೆ ನಾನೇ ಸೀಮೆಸುಣ್ಣದಲ್ಲಿ ಬರೆದೆ: ಇಂದಿನ ಊಟ, ಪಡುವಲದ ಕೂಟು, ಗೋರಿಕಾಯಿ ಪಲ್ಯ, ಒಂದೆಲಗದ ತಂಬುಳಿ.

ಒಂದು ಗಂಟೆಗೆ ಗುರುತಿನ ಚೀಟಿಯವರು ಬಂದರು. ಬೋರ್ಡಿನ ಮುಂದೆ ನಿಂತು ಓದಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗೆ ಸುಡುವ ಬಿಸಿಲು, ಮುಂದಿನ ಹೋಟೆಲಿಗೆ ಅರ್ಧ ಮೈಲಿ. ಒಳಗೆ ಒಗ್ಗರಣೆ ಚಟಪಟ ಅನ್ನುತ್ತಿತ್ತು.

“ಅಕ್ಕಾ, ಬೇರೆ ಏನೂ ಇಲ್ವಾ?”

“ಸಾಧ್ಯವಾದ ಮಟ್ಟಿಗೆ ಇದೇ ಉಂಟು,” ಎಂದೆ. ಸಾಲಾಗಿ ಬಂದು ಕೂತರು. ಎದ್ದು ಹೋದ ಮೇಲೆ ನಾನು ಗಲ್ಲಾದಿಂದ ಬಗ್ಗಿ ಒಂದೊಂದು ತಟ್ಟೆಯನ್ನೂ ನೋಡಿದೆ. ಎರಡರಲ್ಲಿ ಗೋರಿಕಾಯಿ ಉಳಿದಿತ್ತು. ಪಡುವಲ ಒಂದರಲ್ಲೂ ಇರಲಿಲ್ಲ.